ಲಸಿಕೆ ಫ್ರಿಜ್ಜಿನಲ್ಲಿ ಆರು ಕುರಿ

ಬಸವಕಲ್ಯಾಣದ ಕುರಿಗಾರರ ಸಂಘದಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ನಾನೊಬ್ಬಳೇ. ಒಬ್ಬಳೇ ಇದ್ದ ಮೇಲೆ ಕೇಳುವವರು ಯಾರು? ಡೇಟಾಬೇಸಿಗೆ ರಾಣಿಯೂ ನಾನೇ, ಅದರ ಕಸ ಹೊಡೆಯುವವಳೂ ನಾನೇ. ಸಂಘಕ್ಕೆ ಸೇರಿದ ಒಂದೊಂದು ಕುರಿಯೂ ಅದರಲ್ಲಿ ಒಂದೊಂದು ಸಾಲು: ಕಿವಿಯ ಬಿಲ್ಲೆಯ ನಂಬರು, ಬಣ್ಣ, ಹುಟ್ಟಿದ ತಿಂಗಳು, ತಾಯಿ ಕುರಿಯ ನಂಬರು. ಬೇರೊಂದು ಟೇಬಲ್ಲಿನಲ್ಲಿ ಒಡೆಯರು, ಇನ್ನೊಂದರಲ್ಲಿ ಹಾಕಿದ ಲಸಿಕೆಗಳು, ಮತ್ತೊಂದರಲ್ಲಿ ಫೋಟೋಗಳು. ಒಂದು ನಂಬರು ಹಿಡಿದು ಎಳೆದರೆ ಸಾಕು, ಕುರಿ, ಅದರ ತಾಯಿ, ಅಜ್ಜಿ, ಒಡತಿ, ಚುಚ್ಚಿದ ಸೂಜಿ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಹಾಗೆ ಬಂದಾಗಲೆಲ್ಲ ನನಗೆ ಎದ್ದು ಕುಣಿಯಬೇಕು ಅನ್ನಿಸುತ್ತದೆ. ವರ್ಷಗಟ್ಟಲೆ ಟೈಪಿಂಗ್ ಕ್ಲಾಸಿನಲ್ಲಿ ಮಕ್ಕಳಿಂದ ಒಂದೇ ವಾಕ್ಯ ಹೊಡೆಸಿ ಹೊಡೆಸಿ ಬೇಸತ್ತವಳು ನಾನು, ಇದಕ್ಕಿಂತ ಮಜಾ ನನಗೆ ಎಲ್ಲಿ ಸಿಗಬೇಕು?

ತಲೆನೋವೆಲ್ಲ ಫೋಟೋಗಳದ್ದು. ಒಂದು ಮುಖ, ಒಂದು ಕಿವಿ, ಕುರಿಗೆ ಎರಡೇ ಫೋಟೋ ಎಂದು ನಾನು ನಿಯಮ ಮಾಡಿದ್ದೆ. ನಮ್ಮ ಮಂದಿ ಕೇಳಬೇಕಲ್ಲ! ಲಸಿಕೆ ಹಾಕುವವರು ಮೊಬೈಲು ಹಿಡಿದು ದೊಡ್ಡಿಗೆ ಹೋದರೆ ಮನೆಯವರೆಲ್ಲ ತಲೆ ಬಾಚಿಕೊಂಡು ಬಂದು ನಿಲ್ಲುತ್ತಿದ್ದರು. ಎಳೆ ಮರಿಯನ್ನು ಒಂಟಿಯಾಗಿ ಫೋಟೋ ತೆಗೆದರೆ ದೃಷ್ಟಿಯಾಗುತ್ತದಂತೆ. ಅದಕ್ಕೆ ಯಾರಾದರೂ ಅದನ್ನು ಎತ್ತಿಕೊಂಡಿರಬೇಕು, ಪಕ್ಕಕ್ಕೆ ತಾಯಿ ಕುರಿ ನಿಂತಿರಬೇಕು, ಸೊಸೆ ಹೊಸ ಸೀರೆ ಉಟ್ಟಿರಬೇಕು. ಅದೇ ಮಂದಿಗೆ "ಎಷ್ಟು ಕುರಿ ಅದಾವ್ರಿ?" ಎಂದು ಕೇಳಿ ನೋಡಿ, ಬಾಯಿ ಬಿಡುವುದಿಲ್ಲ. "ಅದಾವ ನೋಡ್ರಿ ಒಂದೀಟು" ಎಂದು ಆಕಾಶ ನೋಡುತ್ತಾರೆ. ಎಣಿಸಿ ಹೇಳಿದರೆ ಕಡಿಮೆಯಾಗುತ್ತವೆ ಎಂಬ ಹೆದರಿಕೆ. ಎಣಿಕೆ ಹೇಳದವರು ಫೋಟೋ ಮಾತ್ರ ಮದುವೆ ಮನೆಯಲ್ಲಿ ತೆಗೆಸಿದ ಹಾಗೆ ತೆಗೆಸುತ್ತಿದ್ದರು. ಆ ಫೋಟೋಗಳನ್ನೆಲ್ಲ ಡೇಟಾಬೇಸಿನ ಹೊಟ್ಟೆಯೊಳಗೇ ತುರುಕುವ ಏರ್ಪಾಡು ಮಾಡಿದವಳು ಯಾರು ಅಂತೀರಿ? ನಾನೇ. ಫೋಟೋ ಹೊರಗಿಟ್ಟು ಅದರ ವಿಳಾಸವನ್ನಷ್ಟೇ ಒಳಗೆ ಬರೆದಿಡಬೇಕಿತ್ತು ಎಂಬ ಬುದ್ಧಿ ಬಂದದ್ದು ಬಹಳ ತಡವಾಗಿ.

ಕುರಿಗಳು ಈಯುವ ಕಾಲ ಬಂದರಂತೂ ಡಿಸ್ಕಿನಲ್ಲಿ ಉಳಿದ ಜಾಗ ದಿನದಿನಕ್ಕೆ ಕರಗುತ್ತಿತ್ತು. ಬೆಳಿಗ್ಗೆ ಬಂದು ಚಪ್ಪಲಿ ಬಿಡುವ ಮೊದಲೇ ಎಷ್ಟು ಜಿಬಿ ಉಳಿದಿದೆ ಎಂದು ನೋಡುತ್ತಿದ್ದೆ. ಕಡೆಗೆ ಒಂದು ದಿನ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬೈಯಿತು. ನನಗೂ ಸಿಟ್ಟು ಬಂತು. ವರ್ಷಕ್ಕಿಂತ ಹಳೆಯ ಫೋಟೋಗಳನ್ನೆಲ್ಲ ಅಳಿಸುತ್ತೇನೆ ಎಂದು ಹಟ ಹಿಡಿದೆ.

ಹಾಗಂತ ನಾನೇನು ದಡ್ಡಿಯಲ್ಲ. ಅಳಿಸುವ ಮೊದಲು ಡೇಟಾಬೇಸಿನ ಪೂರ್ತಿ ಬ್ಯಾಕಪ್ ತೆಗೆದೆ. ಅದನ್ನು ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಡಿಸ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ, ರೊಟ್ಟಿ ಡಬ್ಬಿಯಲ್ಲಿಟ್ಟು, ಮೇಲೆ "ಬಹಳ ಜೋಪಾನ" ಎಂದು ದಪ್ಪಕ್ಕೆ ಬರೆದು, ಹುಮನಾಬಾದಿನ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟೆ. ಮೂಲ ಒಂದು ಊರಿನಲ್ಲಿದ್ದರೆ ನಕಲು ಇನ್ನೊಂದು ಊರಿನಲ್ಲಿರಬೇಕು ಎಂದು ಓದಿಕೊಂಡಿದ್ದೆ. ಇಂಟರ್‌ನೆಟ್ಟಿನಲ್ಲಿ ಕಳಿಸಿದರೆ ಎಂಟು ದಿನ ಬೇಕು, ಬಸ್ಸಿಗೆ ಮುಕ್ಕಾಲು ತಾಸು ಸಾಕು. ಹುಮನಾಬಾದಿನ ಶಾಖೆಯಲ್ಲಿ ಲಸಿಕೆಗಳನ್ನು ನೋಡಿಕೊಳ್ಳುವವಳು ನನ್ನ ಗೆಳತಿ. ಬಸ್ ನಿಲ್ದಾಣಕ್ಕೆ ಬಂದು ಡಬ್ಬಿ ಇಳಿಸಿಕೊಂಡಳು. "ಬಂತು, ಜೋಪಾನ ಇಟ್ಟೇನಿ, ಫಿಕರ್ ಮಾಡಬ್ಯಾಡ" ಎಂದು ಫೋನು ಮಾಡಿದಳು. ನಾನು ಫಿಕರು ಬಿಟ್ಟು ಅಳಿಸಿದೆ.

ಅಳಿಸಿದರೆ ಏನಾಗಬೇಕು? ಜಾಗ ಆಗಬೇಕು. ಆಗಲಿಲ್ಲ! ಸಾವಿರಾರು ಫೋಟೋ ಹೋದರೂ ಡಿಸ್ಕು ಮೊದಲಿನಷ್ಟೇ ತುಂಬಿಕೊಂಡು ಕೂತಿತ್ತು. ಸಾಮಾನು ಹೊರಗೆ ಹಾಕಿದರೆ ಮನೆಯೇನು ಚಿಕ್ಕದಾಗುತ್ತದೆಯೇ? ಡೇಟಾಬೇಸಿನದೂ ಅದೇ ಕಥೆ. ಖಾಲಿಯಾದ ಜಾಗವನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಬಿಟ್ಟುಕೊಡುವುದಿಲ್ಲ. ಅದನ್ನು ಕುಗ್ಗಿಸುವುದಕ್ಕೆ ಬೇರೆ ಆಜ್ಞೆ ಕೊಡಬೇಕು, ಆ ಆಜ್ಞೆ ನಡೆಯುವುದಕ್ಕೆ ಇನ್ನಷ್ಟು ಖಾಲಿ ಜಾಗ ಬೇಕು. ಜಾಗವಿಲ್ಲ ಎಂದು ಅಳುವವಳ ಹತ್ತಿರ ಜಾಗ ಕೇಳುವ ಈ ಯಂತ್ರದ ನಾಚಿಕೆಗೇಡಿತನಕ್ಕೆ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಹೇಗೋ ಅದಕ್ಕೆ ಇದಕ್ಕೆ ನಕಲು ಮಾಡಿ ಎರಡು ದಿನದಲ್ಲಿ ಕುಗ್ಗಿಸಿದೆ. ಅರ್ಧ ಡಿಸ್ಕು ಖಾಲಿ ಕಂಡಾಗ ಆದ ಖುಷಿಯನ್ನು ಏನೆಂದು ಹೇಳಲಿ, ಆಫೀಸಿನವರಿಗೆಲ್ಲ ಮಿರ್ಚಿ ಭಜಿ ತರಿಸಿದೆ.

ಇದೆಲ್ಲ ಆಗಿ ನಾಲ್ಕು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆಫೀಸಿನ ಮುಂದೆ ಸಾಮಾನಿನ ಟೆಂಪೊ ಬಂದು ನಿಂತಿತು. ಹಿಂದೆ ಆರು ಕರಿ ಕುರಿ, ಅವುಗಳ ನಡುವೆ ರುಮಾಲು ಸುತ್ತಿದ ಗಂಡಸು. ಮುಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಮುದುಕಿ. ಮುದುಕಿ ದುಬಲಗುಂಡಿ ಕಡೆಯವಳು, ನಮ್ಮ ಸಂಘದ ಹಳೆಯ ಸದಸ್ಯೆ. ಗಂಡಸು ಹುಲಸೂರಿನ ಕಡೆಯವನು, ಯಾವ ಸಂಘಕ್ಕೂ ಸೇರಿದವನಲ್ಲ. ಬೇಸಿಗೆಯಲ್ಲಿ ಇಬ್ಬರೂ ಗಡಿಯಾಚೆ ಒಬ್ಬರದೇ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಎರಡು ಹಿಂಡೂ ಒಂದೂವರೆ ತಿಂಗಳು ಒಟ್ಟಿಗೆ ಮೇಯ್ದಿದ್ದವು. ಹೊರಡುವಾಗ ನೋಡಿದರೆ ಈ ಆರಕ್ಕೆ ಕಿವಿಯಲ್ಲಿ ಬಿಲ್ಲೆಯಿಲ್ಲ, ಜಾಲಿ ಮುಳ್ಳಿಗೆ ಹರಿದು ಹೋಗಿವೆ ಎಂದು ಮುದುಕಿ, ಬಿಲ್ಲೆ ಇದ್ದದ್ದೇ ಇಲ್ಲ ಎಂದು ಗಂಡಸು. ಮುಳ್ಳಿಗೆ ಹರಿದ ಕಿವಿ ಎರಡೂ ಹಿಂಡಿನಲ್ಲಿ ಬೇಕಾದಷ್ಟಿದ್ದುದರಿಂದ ಕಿವಿ ನೋಡಿಯೂ ಹೇಳುವಂತಿರಲಿಲ್ಲ. ಕರೆದರೆ ಆರೂ ಇಬ್ಬರ ಹಿಂದೆಯೂ ಹೋಗುತ್ತಿದ್ದವಂತೆ. ಜಗಳವಾಡಿ ಸಾಕಾಗಿ, ಕಂಪ್ಯೂಟರು ಹೇಳಿದ ಹಾಗೆ ಕೇಳುವುದೆಂದು ಇಬ್ಬರೂ ದೇವರ ಬಂಡಾರ ಮುಟ್ಟಿ ಆಣೆ ಮಾಡಿ ಬಂದಿದ್ದರು.

"ಎರಡು ವರ್ಷದ ಹಿಂದ ಇವು ಹುಟ್ಟಿದಾಗ ನಿಮ್ಮವರೇ ಬಂದು ಫೋಟೋ ಹೊಡಕೊಂಡು ಹೋಗ್ಯಾರ. ಆರೂ ಮರಿ ನನ್ನ ಉಡಿಯಾಗ ಇದ್ದವು. ತೆಗಿ ತಂಗಿ, ಇವನಿಗೆ ತೋರಸು" ಎಂದಳು ಮುದುಕಿ. "ಇವು ನನ್ನ ತವರಿನ ಕುರಿ. ನನ್ನವ್ವ ಲಗ್ನದಾಗ ಕೊಟ್ಟಿದ್ದ ಕುರಿಯ ತಳಿ. ಹಿಂಡಿನ್ಯಾಗ ಉಳಿದವೆಲ್ಲ ಗಂಡನ ಮನಿವು. ತವರಿನವು ಇವು ಆರೇ ಅದಾವ. ಇವು ಹೋದ್ರ ತವರೇ ಹೋತು ನಂದು."

ತೆಗೆಯಲು ಹೋದೆ. ಮುದುಕಿಯ ಹೆಸರಿನಲ್ಲಿ ಆರು ಕುರಿಯ ಸಾಲುಗಳಿದ್ದವು, ತಾಯಿಯ ನಂಬರಿತ್ತು, ಲಸಿಕೆಯಿತ್ತು. ಬಣ್ಣ ಎಂಬಲ್ಲಿ ಆರಕ್ಕೂ "ಕಪ್ಪು" ಎಂದಷ್ಟೇ ಇತ್ತು. ಫೋಟೋ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಎರಡು ವರ್ಷದ ಹಿಂದಿನವು. ನಾನೇ ಅಳಿಸಿದವು. ಮುದುಕಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲೆ ಇಲ್ರಿ ಅವ್ವಾ, ಹುಮನಾಬಾದಿನ್ಯಾಗ ನಕಲು ಅದ" ಎಂದು ಜಂಬದಿಂದಲೇ ಹೇಳಿ ಗೆಳತಿಗೆ ಫೋನು ಹಚ್ಚಿದೆ. "ಆ ಡಬ್ಬಿ ಎಲ್ಲಿ ಇಟ್ಟೀ?"

"ಜೋಪಾನ ಇಟ್ಟೇನಲ್ಲಾ. ಕವರು ಸುತ್ತಿ ಲಸಿಕಿ ಫ್ರಿಜ್ಜಿನ್ಯಾಗ."

"ಎಲ್ಲೆ?"

"ಫ್ರಿಜ್ಜಿನ್ಯಾಗ. ಯಾಕ ಚೀರಾಕತ್ತೀ? ಬಹಳ ಜೋಪಾನ ಅಂತ ನೀನೇ ಬರದಿದ್ದಿ. ನಮ್ಮಲ್ಲೆ ಜೋಪಾನ ಅಂದ್ರ ಫ್ರಿಜ್ಜೇ. ಥಂಡಿ ಬರೋಬ್ಬರಿ ಅದನೋ ಇಲ್ಲೋ ಅಂತ ದಿನಾ ಎರಡು ಸಲ ನೋಡ್ತೀನಿ, ಖರೇ."

ಹೌದಲ್ಲ! ಅವಳ ಆಫೀಸಿನಲ್ಲಿ ಬೆಲೆಯುಳ್ಳದ್ದು ಏನಿದ್ದರೂ ಥಂಡಿಯಲ್ಲೇ ಇರುತ್ತದೆ. ಬೀಗ ಇರುವುದೂ ಆ ಫ್ರಿಜ್ಜಿಗೊಂದಕ್ಕೇ. ನನ್ನ ಸಾವಿರಾರು ಕುರಿಗಳು ನಾಲ್ಕು ತಿಂಗಳಿಂದ ಲಸಿಕೆ ಬಾಟಲಿಗಳ ಪಕ್ಕದಲ್ಲಿ ನಡುಗುತ್ತ ಕೂತಿವೆ. ಅಳಬೇಕೆಂದುಕೊಂಡೆ, ನಗು ಬಂತು. ನಕ್ಕರೆ ಮುದುಕಿ ಏನೆಂದುಕೊಳ್ಳುತ್ತಾಳೋ ಎಂದು ಸೆರಗು ಬಾಯಿಗೆ ಒತ್ತಿಕೊಂಡೆ, ಅದು ಮೂಗಿನಿಂದ ಹೊರಬಂತು. "ಹೊರಗ ತೆಗಿ, ಆದ್ರ ಕವರು ಬಿಚ್ಚಬ್ಯಾಡ, ಕರೆಂಟು ಹಚ್ಚಬ್ಯಾಡ, ನಾ ಬರಾಕತ್ತೇನಿ" ಎಂದು ಕೂಗಿ, ಅದೇ ಟೆಂಪೊ ಹತ್ತಿದೆ. ಮುಂದೆ ಚಾಲಕ, ಮುದುಕಿ, ನಾನು. ಹಿಂದೆ ಗಂಡಸು, ಆರು ಕುರಿ. ಬಂಗ್ಲಾ ಎಂಬ ಕೂಡುರಸ್ತೆ ದಾಟಿ ದೊಡ್ಡ ರಸ್ತೆ ಹಿಡಿಯುವ ಹೊತ್ತಿಗೆ ಒಂದು ಕುರಿ ಹಿಂದಿನ ಕಿಟಕಿಯಿಂದ ಮೂತಿ ತೂರಿಸಿ ನನ್ನ ಜಡೆ ತಿನ್ನತೊಡಗಿತ್ತು. "ಅದು ನಂದೇ, ಅದರ ಅಜ್ಜೀನೂ ಹಿಂಗೇ ತಿಂತಿತ್ತು" ಎಂದು ಮುದುಕಿ ಸಾಕ್ಷಿ ಹೇಳಿದಳು. "ಎಲ್ಲಾ ಕುರೀನೂ ತಿಂತಾವ ಅವ್ವಾ" ಎಂದು ಹಿಂದಿನಿಂದ ಗಂಡಸು ಕೂಗಿದ.

ಹುಮನಾಬಾದಿನಲ್ಲಿ ಗೆಳತಿ ಮೇಜಿನ ಮೇಲೆ ಡಿಸ್ಕನ್ನು ಇಟ್ಟುಕೊಂಡು ಕಾಯುತ್ತಿದ್ದಳು. ಪುಣ್ಯಾತ್ಗಿತ್ತಿ, ಲಸಿಕೆಗೆ ಸುತ್ತುವ ಹಾಗೆ ಮೂರು ಪ್ಲಾಸ್ಟಿಕ್ ಕವರು ಸುತ್ತಿ ಟೇಪು ಹಚ್ಚಿದ್ದಳು. ಹೊರಗಿನ ಕವರಿನ ಮೇಲೆ ನೀರಿನ ಹನಿಗಳಿದ್ದವು, ಒಳಗೆ ಒಣಗಿತ್ತು. ಆದರೂ ಡಿಸ್ಕು ತಣ್ಣಗಿರುವಾಗ ಕವರು ಬಿಚ್ಚುವಂತಿಲ್ಲ, ಬಿಚ್ಚಿದರೆ ಹನಿ ಅದರ ಮೇಲೇ ಕೂರುತ್ತದೆ. ಬೆಚ್ಚಗಾಗುವ ತನಕ ಕಾಯಬೇಕು ಎಂದೆ.

"ಬೆಚ್ಚಗ ಮಾಡೋದೇನು ಮಹಾ? ಕೊಡಿಲ್ಲಿ" ಎಂದು ಮುದುಕಿ ಡಿಸ್ಕನ್ನು ಎತ್ತಿಕೊಂಡು ಉಡಿಗೆ ಹಾಕಿ ಮೇಲೆ ಕಂಬಳಿ ಮುಚ್ಚಿದಳು. ಥಂಡಿಯಲ್ಲಿ ಹುಟ್ಟಿದ ಮರಿಯನ್ನು ಹೀಗೇ ಬದುಕಿಸುವುದಂತೆ. ಉಣ್ಣೆಯ ಕಂಬಳಿಯಲ್ಲಿ ಕರೆಂಟು ಹುಟ್ಟುತ್ತದೆ, ಡಿಸ್ಕಿಗೆ ಅದು ಆಗದು ಎಂದು ನನ್ನ ಬಾಯಿ ತುದಿಗೆ ಬಂದಿತ್ತು. ಮೂರು ಕವರಿದೆ, ಇರಲಿ ಎಂದು ಸುಮ್ಮನಾದೆ. ಗೆಳತಿ ಚಹಾ ಕುದಿಸಿದಳು. ಆರು ಕುರಿಗಳು ಅಂಗಳದಲ್ಲಿ ಅವಳ ತುಳಸಿ ಗಿಡವನ್ನು ಮುಗಿಸಿದವು. ಒಂದು ತಾಸು ಮುದುಕಿ ಅಲುಗಾಡದೆ ಕೂತಿದ್ದಳು, ಆಗಾಗ ಕಂಬಳಿಯೊಳಗೆ ಕೈ ಹಾಕಿ ಮುಟ್ಟಿ "ಇನ್ನ ಜರಾ ತಡಿ" ಎನ್ನುತ್ತಿದ್ದಳು. ನನ್ನ ಗೆಳತಿ ನಗು ತಡೆಯಲಾಗದೆ ಲಸಿಕೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶಾಖೆಯ ಕಂಪ್ಯೂಟರು ಹೊಸದು, ಯಾರೂ ಬಳಸದ್ದು, ಹೊಟ್ಟೆ ತುಂಬ ಜಾಗ. ಡಿಸ್ಕು ಹಚ್ಚಿದೆ. ಕಿರ್ರೆಂದು ತಿರುಗಿತು. ಬ್ಯಾಕಪ್ಪಿನ ಫೈಲು ಕಂಡಿತು. ಆದರೆ ಆ ಫೈಲು ಕಾಣುವುದು ಬೇರೆ, ಅದರಿಂದ ಡೇಟಾಬೇಸು ಮತ್ತೆ ಎದ್ದು ನಿಲ್ಲುವುದು ಬೇರೆ.

"ಮೊದಲ ಒಮ್ಮೆರೆ ತೆಗದು ನೋಡೀರೇನ್ರಿ, ಬರತದ ಅಂತ?" ಎಂದು ಗಂಡಸು ಮೆಲ್ಲಗೆ ಕೇಳಿದ.

"ಅದೇನ್ ಕೇಳ್ತೀರಿ, ನಾ ಕೆಲಸ ಮಾಡೋದೇ ಹಂಗ!" ಎಂದು ರೇಗಿದೆ. ಆಮೇಲೆ ಮುದುಕಿಯ ಮುಖ ನೋಡಿದೆ. "ಇಲ್ರಿ. ಒಮ್ಮೆನೂ ನೋಡಿಲ್ಲ" ಎಂದೆ.

ಅವನು ಬೈಯಲಿಲ್ಲ. "ಮರಿಗೋಳು ಬುಟ್ಟಿ ಕೆಳಗ ಹಾಕಿ ಹಂಗೇ ಬಿಟ್ಟು ಹೋಗ್ತೀವೇನ್ರಿ? ಆಗಾಗ ಬುಟ್ಟಿ ಎತ್ತಿ, ಉಸರು ಅದನೋ ಇಲ್ಲೋ ನೋಡತೀವಿ" ಎಂದ, ಅಷ್ಟೇ. ನನಗೆ ಕಿವಿ ಬಿಸಿಯಾದವು. ಪಾಠ ಓದಿ ಕಲಿತವಳು ನಾನು, ಓದದೆ ಗೊತ್ತಿದ್ದವನು ಅವನು. ಆವತ್ತಿನಿಂದ ತಿಂಗಳಿಗೊಂದು ಸಲ ಬ್ಯಾಕಪ್ಪನ್ನು ತೆಗೆದು, ಖಾಲಿ ಕಂಪ್ಯೂಟರಿನಲ್ಲಿ ಎಬ್ಬಿಸಿ, ಉಸಿರು ನೋಡಿಯೇ ಮುಚ್ಚಿಡುತ್ತೇನೆ.

ಆಜ್ಞೆ ಕೊಟ್ಟೆ. ಒಡೆಯರ ಟೇಬಲ್ಲು ಬಂತು. ಕುರಿಗಳದ್ದು ಬಂತು. ಲಸಿಕೆಯದ್ದು ಬಂತು. ಒಂದೊಂದು ಬಂದಾಗಲೂ ನಾನು ಮೇಜು ಗುದ್ದುತ್ತಿದ್ದೆ, ಗೆಳತಿ ಸೀಟಿ ಹೊಡೆಯುತ್ತಿದ್ದಳು, ಇಬ್ಬರಿಗೂ ನಲವತ್ತು ದಾಟಿದೆ ಎಂಬ ಖಬರು ಇರಲಿಲ್ಲ. ಫೋಟೋಗಳದ್ದು ಮಾತ್ರ ಮುಗಿಯುವ ಹಾಗೆ ಕಾಣಲಿಲ್ಲ. ಕರ್ಸರು ಮಿಣುಕುತ್ತಿತ್ತು, ಬೇರೇನೂ ಇಲ್ಲ. ಮಧ್ಯಾಹ್ನದ ರೊಟ್ಟಿ ತಿಂದೆವು. ಮತ್ತೆ ಚಹಾ ಕುಡಿದೆವು. ಕೊನೆಗೊಮ್ಮೆ ಎಲ್ಲ ಬಂದು ಮುಗಿಯಿತು ಎಂಬ ಸಾಲು ಮೂಡಿದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆನಂತೆ, ಗೆಳತಿ ಈಗಲೂ ಹೇಳಿ ಹೇಳಿ ನಗಾಡುತ್ತಾಳೆ.

ಮೊದಲ ಫೋಟೋ ತೆರೆದೆ. ಮುದುಕಿಯ ಉಡಿಯಲ್ಲಿ ಕರಿ ಮರಿ, ಹಣೆಯ ಮೇಲೆ ಜೋಳದ ಕಾಳಿನಷ್ಟು ಬಿಳಿ. ಗಂಡಸು ಅಂಗಳಕ್ಕೆ ಓಡಿದ, ಹಣೆಯಲ್ಲಿ ಅದೇ ಬಿಳಿ ಇದ್ದ ಕುರಿಯನ್ನು ಬಾಗಿಲಿಗೆ ಎಳೆದು ತಂದ. "ಹೌದ್ರಿ, ಇದು ಅವ್ವಂದೇ" ಎಂದ. ಎರಡನೆಯದು ಮೋಟು ಕಿವಿ, ಅದೂ ಅವಳದೇ. ಬಾಲದ ತುದಿ ಬಿಳಿ, ಅದೂ ಅವಳದೇ. ನಾಲ್ಕು, ಐದು! ಒಂದೊಂದಕ್ಕೂ ಅವನ ಮುಖ ಸಣ್ಣದಾಗುತ್ತಿತ್ತು, ಆದರೆ ಒಂದು ಸಲವೂ ಅವನು ಅಲ್ಲ ಎನ್ನಲಿಲ್ಲ. ಆರನೆಯ ಫೋಟೋದಲ್ಲಿ ಪೂರ್ತಿ ಕರಿ ಮರಿ. ಅಂಗಳದಲ್ಲಿ ಉಳಿದದ್ದೂ ಪೂರ್ತಿ ಕರಿ ಕುರಿ, ನನ್ನ ಜಡೆ ತಿಂದದ್ದು. "ಆರಕ್ಕ ಆರೂ!" ಎಂದು ನಾನು ಚಪ್ಪಾಳೆ ತಟ್ಟಿದೆ. "ಆತು ಬಿಡವ್ವ, ಹೊಡಕೊಂಡು ಹೋಗು, ನನ್ನವು ಎಲ್ಲೋ ಹೋಗ್ಯಾವ" ಎಂದು ಗಂಡಸು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ತಡಿ" ಎಂದಳು ಮುದುಕಿ.

ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಫೋಟೋದ ಅಂಚಿನಲ್ಲಿ, ಅವಳ ಸೀರೆಯ ನೆರಿಗೆಯೊಳಗೆ ಅರ್ಧ ಮುಚ್ಚಿದ್ದ ಮರಿಯ ಹಿಂಗಾಲು. ಗೊರಸಿನ ಮೇಲೆ ಬೆರಳಗಲ ಬಿಳಿ. ನನಗೆ ಕಂಡಿರಲಿಲ್ಲ, ಯಾರಿಗೂ ಕಂಡಿರಲಿಲ್ಲ. ಅವಳು ಹೇಳದಿದ್ದರೆ ಯಾರಿಗೂ ಕಾಣುತ್ತಲೂ ಇರಲಿಲ್ಲ. ಅಂಗಳಕ್ಕೆ ಹೋಗಿ ಜಡೆ ತಿಂದ ಕುರಿಯ ನಾಲ್ಕೂ ಕಾಲು ಎತ್ತಿ ನೋಡಿದಳು. ನಾಲ್ಕೂ ಕರಿ.

"ಇದು ನಂದಲ್ಲ" ಎಂದಳು. "ಬಿಳಿ ಕಾಲಿಂದು ನಂದು. ಅದು ಇಲ್ಲಿಲ್ಲ. ಅದರ ಮಾರಿನೇ ಮರತಿದ್ದೆನಲ್ಲಪಾ. ಇದರ ಮ್ಯಾಲೆ ಆಣೆ ಮಾಡಿಬಿಟ್ಟಿದ್ದೆ."

ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲೂ ಇಲ್ಲ. ಮುದುಕಿ ಕುರಿಯ ಕಿವಿ ಹಿಡಿದು ತಂದು ಗಂಡಸಿನ ಕೈಗೆ ಕೊಟ್ಟಳು. ಅವನು ಹಿಡಿದುಕೊಳ್ಳುವುದೋ ಬೇಡವೋ ತಿಳಿಯದೆ ನಿಂತಿದ್ದ. ಅದು ಮಾತ್ರ ನಡುವೆ ನಿಂತು ಅವಳ ಕಂಬಳಿಯ ತುದಿ ಜಗಿಯುತ್ತಿತ್ತು.

"ಆ ಫೋಟೋ ನನಗ ಕಾಗದದ ಮ್ಯಾಲೆ ತೆಗದು ಕೊಡು ತಂಗಿ" ಎಂದಳು ನನಗೆ. "ಸತ್ತಿಲ್ಲ ಅದು, ಅಲ್ಲೇ ಎಲ್ಲೋ ಯಾರದೋ ಹಿಂಡಿನ್ಯಾಗ ಅದ. ಹೋಗಿ ಹುಡಕತೀನಿ."

ಪ್ರಿಂಟು ತೆಗೆದುಕೊಟ್ಟೆ. ಕಪ್ಪು ಬಿಳುಪಿನ ಪ್ರಿಂಟರು, ಬಿಳಿ ಕಾಲು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅವಳು ಮಡಚಿ ಎಲೆಯಡಿಕೆ ಸಂಚಿಯಲ್ಲಿಟ್ಟುಕೊಂಡಳು. ಗಂಡಸು ಬಾಗಿಲ ಹತ್ತಿರ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. "ಇದೊಂದು ಸಿಕ್ಕರೂ ನಂದೂ ಇನ್ನ ಐದು ಹೋಗ್ಯಾವಲ್ಲ ಅವ್ವಾ, ನಾನೂ ಬರತೀನಿ. ಆದ್ರ ನನ್ನವು ಫೋಟೋನೇ ಇಲ್ಲ. ದೃಷ್ಟಿ ಆಗತದಂತ ತೆಗಸೇ ಇಲ್ಲ."

"ನಿನ್ನವು ನಾ ಗುರ್ತ ಹಿಡಿತೀನಿ ಬಾ" ಎಂದಳು ಮುದುಕಿ.

"ಹೌದು ಬಿಡು," ಎಂದ ಅವನು, "ನಿನ್ನವಕ್ಕಿಂತಾ ನನ್ನವೇ ನಿನಗ ಛಲೋ ಗುರ್ತ."

ಮೊದಲು ನಕ್ಕವಳು ಮುದುಕಿಯೇ. ನಗುತ್ತ ಅವನ ಬೆನ್ನಿಗೆ ಒಂದು ಗುದ್ದಿದಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಆರೂ ಕುರಿಗಳನ್ನು ಗೆಳತಿಯ ಅಂಗಳದಲ್ಲಿ ಬಿಟ್ಟು ಇಬ್ಬರೂ ಬಸ್ ನಿಲ್ದಾಣಕ್ಕೆ ಹೊರಟರು, ಅವಳ ಕಂಬಳಿಯನ್ನು ಅವನು ಹೊತ್ತುಕೊಂಡಿದ್ದ.